ಮೊದಲ ರೊಟ್ಟಿ

ಆಗೆಲ್ಲ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಮನೆಯವರಿಗೆ ಬೀಳುತ್ತಿರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ, ಬಸ್‌ಸ್ಟಾಪಿನೆದುರೇ ಮನೆ. ಕಾವಲಿಯಿಂದ ಅಕ್ಕಿರೊಟ್ಟಿಯ ವಾಸನೆ ಎದ್ದಿತೋ ಇಲ್ಲವೋ, ಅಜ್ಜಿ ಗೇಟಿಗೆ ಹೋಗಿ ಬಸ್ ತಪ್ಪಿಸಿಕೊಂಡವರನ್ನೋ, ಕೊಡೆ ರಿಪೇರಿಯವನನ್ನೋ ಒಳಗೆ ಕರೆತರುತ್ತಿದ್ದಳು. ಅವರ ಕಾಲಿಗೆ ಚೊಂಬಿನ ನೀರು ಹೊಯ್ದು, ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಬಂದವರೆಲ್ಲ ಅವಳಿಗೆ ಶಿವ. ಬೆಣ್ಣೆ ಹಚ್ಚಿದ ಮೊದಲ ರೊಟ್ಟಿ ಶಿವನಿಗೆ. ನಾನು ಖಾಲಿ ತಟ್ಟೆ ಕುಟ್ಟುತ್ತಾ ಕೂತಿರಬೇಕು.

ಏಳನೇ ಕ್ಲಾಸಿನ ಹೊತ್ತಿಗೆ ನಾನು ಚರ್ಚಾಸ್ಪರ್ಧೆಯ ಹುಲಿ.

"ಅಜ್ಜಿ, ನಿನ್ನೆ ಬಂದ ಶಿವ ನಮ್ಮ ಸ್ಟೀಲ್ ಲೋಟ ಎತ್ಕೊಂಡ್ ಹೋದ. ದೇವ್ರು ಕದೀತಾನಾ?"

"ಅವನ ಲೋಟ, ಅವನು ತಗೊಂಡ. ನಿಂಗ್ಯಾಕೆ ಹೊಟ್ಟೆಯುರಿ?"

"ಎಲ್ಲರಲ್ಲೂ ಇರೋ ಶಿವ ನನ್ನಲ್ಲೂ ಇರ್ಬೇಕಲ್ಲ? ಹಂಗಾದ್ರೆ ಮೊದಲ ರೊಟ್ಟಿ ನಂಗೇ ಹಾಕು."

ಪಾಯಿಂಟ್ ಗಟ್ಟಿಯಾಗಿತ್ತು. ಅಜ್ಜಿ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿದಳು. "ನೀನು ಮನೆಯವ್ಳು ಕಣೇ ಮಾರಾಯ್ತಿ. ಸ್ವಲ್ಪ ಕಾಯಿ."

ಆ ಬೇಸಿಗೆಯಲ್ಲಿ ಅಜ್ಜಿ ಸಣ್ಣಪುಟ್ಟದ್ದು ಮರೆಯತೊಡಗಿದಳು. ಸಾರಿಗೆ ಎರಡೆರಡು ಸಲ ಉಪ್ಪು. ಅಮ್ಮನನ್ನು ತೀರಿಹೋದ ತನ್ನ ತಂಗಿಯ ಹೆಸರು ಹಿಡಿದು ಕರೆಯುವುದು. ವಯಸ್ಸಾಯಿತು ಎಂದರು ಎಲ್ಲರೂ.

ಒಂದು ಮಧ್ಯಾಹ್ನ ನಾನು ಶಿವಮೊಗ್ಗದ ಬೇಸಿಗೆ ಶಿಬಿರದಲ್ಲಿ ದೇವರಿಲ್ಲವೆಂದು ವಾದಿಸಿ, ಕಪ್ ಗೆದ್ದು ಬಸ್ಸಿಳಿದೆ. ಅಜ್ಜಿ ಗೇಟಿನಲ್ಲೇ ಇದ್ದಳು.

"ಬನ್ನಿ, ಬನ್ನಿ. ಈ ಬಿಸಿಲಲ್ಲಿ ಎಷ್ಟು ದೂರದಿಂದ ಬಂದ್ರೋ ಏನೋ."

ತಮಾಷೆ ಎಂದುಕೊಂಡೆ. "ಕೈಲಾಸದಿಂದ," ಎಂದೆ ಗತ್ತಿನಲ್ಲಿ.

ಅವಳು ನಗಲಿಲ್ಲ. ನನ್ನ ಕಾಲಿಗೆ ನೀರು ಹೊಯ್ದು, ಬಗ್ಗಿ ಪಾದ ಮುಟ್ಟಿದಳು. ಕಾಲು ಹಿಂದಕ್ಕೆಳೆದುಕೊಂಡೆ.

"ಅಜ್ಜಿ, ನಾನು! ನಾನು ಕಣಜ್ಜಿ!"

"ಯಾರಾದ್ರೂ ಆಗ್ಲಿ ತಾಯಿ. ಮೊದ್ಲು ಊಟ ಮಾಡಿ."

ಅಮ್ಮ ಒಳಗಿಂದ ಓಡಿಬಂದಳು. "ಅತ್ತೆ, ನಿಮ್ ಮೊಮ್ಮಗಳಲ್ವಾ ಇವ್ಳು?"

"ಅವ್ಳು ಶಿವಮೊಗ್ಗಕ್ಕೆ ಹೋಗಿದಾಳೆ, ಇನ್ನೇನು ಬರ್ತಾಳೆ. ಮನೆಯವ್ಳಲ್ವಾ, ಆಮೇಲೆ ತಿಂತಾಳೆ ಬಿಡು."

ಮೊದಲ ರೊಟ್ಟಿ ನನ್ನ ತಟ್ಟೆಗೆ ಬಿತ್ತು. ಬೆಣ್ಣೆ ಕರಗಿ ಅಂಚಿಗಿಳಿಯುತ್ತಿತ್ತು. ಅಜ್ಜಿ ಪಕ್ಕದಲ್ಲಿ ಕೂತು ಗಾಳಿ ಬೀಸುತ್ತಾ, ಇನ್ನೊಂದು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡುತ್ತಾ, ನಡುನಡುವೆ ಗೇಟಿನ ಕಡೆ ನೋಡುತ್ತಿದ್ದಳು. ನನ್ನ ದಾರಿಯನ್ನೇ.

ನಾನು ಇಂದಿಗೂ ದೇವರನ್ನು ನಂಬುವುದಿಲ್ಲ. ಅಜ್ಜಿಯ ಶಿವನಿಗೆ ಸಾಕ್ಷಿ ಕೇಳಿದರೆ ಯಾರೂ ಕೊಡಲಾರರು. ಆದರೆ ಅವಳ ನೆನಪಿನಿಂದ ನನ್ನ ಮುಖವೇ ಅಳಿಸಿಹೋದ ಮೇಲೂ ಆ ಕೈಗಳಲ್ಲಿ ಪ್ರೀತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲವಲ್ಲ, ಅದಕ್ಕೆ ನನ್ನ ಬಳಿ ಮರುವಾದವಿಲ್ಲ. ಹಾಗಂತ ಅದರಿಂದ ಸಮಾಧಾನವಾಯಿತೇ ಎಂದರೆ, ಇಲ್ಲ. ಆ ಪ್ರೀತಿ ಗೇಟಿನ ಮುಂದೆ ಹಾದುಹೋಗುವ ಯಾರಿಗಾದರೂ ಸಿಗುತ್ತಿತ್ತು. ಮನೆಯವಳೆಂದು ಕಾಯಿಸಿದ್ದು ಮಾತ್ರ ನನ್ನೊಬ್ಬಳನ್ನೇ.

ಅಜ್ಜಿ ಮುಂದಿನ ಬೇಸಿಗೆ ಕಾಣಲಿಲ್ಲ. ಈಗ ಯಾರ ಮನೆಗೆ ಹೋದರೂ ನನಗೇ ಮೊದಲು ಬಡಿಸುತ್ತಾರೆ.