ನೊರೆ ಬಾರದ ಸೋಪು

ನನ್ನ ಅಪ್ಪ ಸೋಪಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೀಗೆಂದರೆ ಜನ ಮೊದಲು ಕೇಳುವುದು, ಮನೆಗೆ ಸೋಪು ಪುಕ್ಕಟೆ ಬರುತ್ತದೆಯೇ ಎಂದು. ಅಮ್ಮನ ಅಪ್ಪ, ಅಂದರೆ ನನ್ನ ತಾತ, ಅದೇ ಗುಂಗಿನಲ್ಲಿ ಹೆಣ್ಣು ಕೊಟ್ಟವರು. ತಾತನದು ಲಾಂಡ್ರಿ. ಹುಡುಗನಿಗೆ ಎಲ್ಲಿ ಕೆಲಸ ಎಂದಾಗ "ಸೋಪಿನ ಕಾರ್ಖಾನೆ" ಎಂಬುದು ಕಿವಿಗೆ ಬಿದ್ದದ್ದೇ ತಡ, ಬೇರೇನನ್ನೂ ವಿಚಾರಿಸಲಿಲ್ಲ.

ಮದುವೆಯಾದ ಹೊಸತರಲ್ಲಿ ಅಪ್ಪನ ಚೀಲದಲ್ಲಿದ್ದ ಬಿಳಿ ಪುಡಿಯ ಪೊಟ್ಟಣ ಅಮ್ಮನ ಕೈಗೆ ಸಿಕ್ಕಿತು. ಮುಟ್ಟಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಬಟ್ಟೆ ಸೋಪಿನ ಪುಡಿಯೇ ಇರಬೇಕೆಂದು ಬಕೆಟ್ಟಿಗೆ ಸುರಿದು ಅಪ್ಪನ ಅಂಗಿ ಅದ್ದಲು ಹೋದಳು. ಪುಡಿ ಕರಗಲೊಲ್ಲದು, ನೀರಿನ ಮೇಲೆ ತೇಲುತ್ತಾ ಕೂತಿತು. ಕೈ ಮುಳುಗಿಸಿ ತೆಗೆದರೆ ಕೈಯೇ ಒದ್ದೆಯಾಗಿರಲಿಲ್ಲ. ಅಮ್ಮ ಬೆರಗಾಗಿ ಮತ್ತೆ ಮತ್ತೆ ಕೈ ಅದ್ದುತ್ತಾ ಕೂತಿದ್ದಾಗಲೇ ತಾತ ಮಗಳ ಹೊಸ ಮನೆ ನೋಡಲು ಬಂದರು.

ಮಗಳಿಗೆ ಸೋಜಿಗವಾಗಿ ಕಂಡದ್ದು ತಾತನಿಗೆ ಮೋಸವಾಗಿ ಕಂಡಿತು. ತಾತ ಆ ಪುಡಿಯನ್ನು ತಿಕ್ಕಿದರು, ತೀಡಿದರು, ಬಿಸಿನೀರು ಹೊಯ್ದು ನೋಡಿದರು. ನೊರೆಯ ಸುಳಿವಿಲ್ಲ. ಸುಳ್ಳು ಹೇಳಿ ಹೆಣ್ಣು ಮಾಡಿಕೊಂಡವನ ಮನೆಯಲ್ಲಿ ತೊಟ್ಟು ನೀರೂ ಮುಟ್ಟುವುದಿಲ್ಲ ಎಂದು ಹೊರಟೇಬಿಟ್ಟರು. ಅದು ಲೋಹದ ಸೋಪು, ಒಗೆಯುವುದಕ್ಕಲ್ಲ ಎಂದು ಹೇಳಲು ಅಪ್ಪ ಅವರ ಮನೆಗೆ ಹೋದರೆ ಬಾಗಿಲು ಹಾಕಿಕೊಂಡರು. ಮಗಳಿಗೆ ಮಾತ್ರ, ಬರುವುದಾದರೆ ಒಬ್ಬಳೇ ಬಾ ಎಂದು ಹೇಳಿ ಕಳಿಸಿದರು. ಅಮ್ಮ ಹೋಗಲಿಲ್ಲ. ಆ ಹೊತ್ತಿಗೆ ನಾನು ಅವಳ ಹೊಟ್ಟೆಯಲ್ಲಿದ್ದೆ. ಮಗು ಹುಟ್ಟುವುದರೊಳಗೆ ತನ್ನ ಅಪ್ಪನೂ ಗಂಡನೂ ಒಟ್ಟಿಗೆ ಊಟಕ್ಕೆ ಕೂತರೆ ಸಾಕು, ಇನ್ನೇನೂ ಬೇಡ ಎಂದು ಹಂಬಲಿಸುತ್ತಿದ್ದಳು.

ತಾತನಿಗೆ ಕೋಪ ಎಷ್ಟಿತ್ತೋ ಕುತೂಹಲವೂ ಅಷ್ಟೇ ಇತ್ತು. ಒಗೆಯದ ಸೋಪನ್ನು ಮಾಡಿ ಯಾರ ತಲೆಗೆ ಕಟ್ಟುತ್ತಾರೆ? ಈ ಪ್ರಶ್ನೆ ಅವರ ತಲೆ ಕೊರೆಯತೊಡಗಿತು. ಇಸ್ತ್ರಿ ಹಾಕುತ್ತಾ ಗಿರಾಕಿಗಳನ್ನೆಲ್ಲ ಕೇಳಿದರು, ಯಾರಿಗೂ ಗೊತ್ತಿಲ್ಲ. ಕೊನೆಗೊಂದು ಬೆಳಿಗ್ಗೆ, ಆ ಕಡೆ ಏನೋ ಕೆಲಸವಿತ್ತೆಂಬ ನೆಪ ಹೂಡಿ ಕಾರ್ಖಾನೆಯ ಗೇಟಿನ ಮುಂದೆ ನಿಂತರು. ಅಪ್ಪ ಹೊರಗೆ ಬಂದು ಒಳಗೆ ಕರೆದುಕೊಂಡು ಹೋದ.

ಏಣಿ ಹತ್ತಿ ಬಗ್ಗಿ ನೋಡಬೇಕಾದ ದೊಡ್ಡ ಉಕ್ಕಿನ ತೊಟ್ಟಿ. ಕೊಬ್ಬಿನಿಂದ ತೆಗೆದ ಮೇಣದಂಥ ಚೂರುಗಳು ಬಿಸಿನೀರಿನಲ್ಲಿ ಕರಗಿ, ಕಾಸ್ಟಿಕ್ ಸೋಡಾ ಸೇರಿದ ಮೇಲೆ ತೊಟ್ಟಿಯ ತುಂಬ ನೊರೆ. ತಾತನ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ಸೋಪು. ಆಮೇಲೆ ಅಪ್ಪ ಒಂದು ನಲ್ಲಿ ತಿರುಗಿಸಿದ. ಸುಣ್ಣದ ಅಂಶವಿದ್ದ ಉಪ್ಪುನೀರು ಸಣ್ಣಗೆ ಇಳಿಯಿತು. ನೋಡನೋಡುತ್ತಿದ್ದಂತೆ ನೊರೆ ಸತ್ತು, ಹಾಲು ಒಡೆದಂತೆ ಬಿಳಿಯ ಗರಣೆ ಮೇಲೆದ್ದಿತು.

ಅಪ್ಪ ಒಂದಿಷ್ಟು ತೆಗೆದು, ಆರಿಸಿ, ಅವರ ಅಂಗೈಗೆ ಹಾಕಿದ. ತಾತ ಅದನ್ನು ಹೊಸಕಿದರು, ಮೂಸಿದರು. ಲಾಂಡ್ರಿಯ ಬೋರ್‌ವೆಲ್ ನೀರು ಗಡಸು. ಎಷ್ಟು ಸೋಪು ಸುರಿದರೂ ನೊರೆ ಬಾರದೆ ತೊಟ್ಟಿಯ ಅಂಚಿಗೆ, ಅಂಗಿಯ ಕಾಲರಿಗೆ ಬಿಳಿ ಜಿಡ್ಡು ಹಿಡಿಯುತ್ತಿತ್ತು. ಅದಕ್ಕೆ ಶಾಪ ಹಾಕುತ್ತಾ, ಇಟ್ಟಿಗೆ ಚೂರಿನಿಂದ ಕೆರೆಯುತ್ತಾ ಅವರ ಅರ್ಧ ಆಯುಷ್ಯ ಕಳೆದಿತ್ತು.

"ಇದು ನನ್ನ ತೊಟ್ಟೀಲಿ ಕಟ್ಕೊಳ್ಳೋ ಜಿಡ್ಡಲ್ವೇನಪ್ಪಾ?"

"ಅದೇ ಮಾವ. ನಿಮ್ಮ ನೀರಲ್ಲಿರೋ ಸುಣ್ಣದೊಳಗೂ ಒಂದು ಲೋಹ ಇದೆ, ಅದು ಸೋಪನ್ನ ಹೀಗೇ ಹಿಡ್ಕೊಳ್ಳುತ್ತೆ. ನಾವಿಲ್ಲಿ ಬೇಕು ಅಂತಲೇ ಮಾಡ್ತೀವಿ."

ಅಲ್ಲಿಂದ ತಾತನ ಪ್ರಶ್ನೆಗಳಿಗೆ ಕಡಿವಾಣವೇ ಇರಲಿಲ್ಲ. ಉಪ್ಪು ಹೋಗುವವರೆಗೂ ತೊಳೆಯುವುದು, ಹಿಂಡುವುದು, ಒಣಗಿಸುವುದು, ಬೀಸುವುದು, ಎಲ್ಲವನ್ನೂ ನಿಂತು ನೋಡಿದರು. ಪುಡಿ ಎಲ್ಲಿಗೆ ಹೋಗುತ್ತದೆಂದು ಕೇಳಿದರು. ಪ್ಲಾಸ್ಟಿಕ್ ಪೈಪು ಅಚ್ಚಿನಿಂದ ಸಲೀಸಾಗಿ ಜಾರಲು, ಸಿಮೆಂಟಿನೊಳಗೆ ನೀರು ಇಳಿಯದಿರಲು ಇದನ್ನು ಬೆರೆಸುತ್ತಾರೆ ಎಂದ ಅಪ್ಪ. ಇದರದ್ದೇ ದಾಯಾದಿ ಇನ್ನೊಂದು ಪುಡಿಯನ್ನು, ಯಂತ್ರಕ್ಕೆ ಅಂಟದಿರಲೆಂದು ಔಷಧದ ಮಾತ್ರೆಗಳಿಗೆ ಚಿಟಿಕೆಯಷ್ಟು ಹಾಕುತ್ತಾರೆ ಎಂದೂ ಹೇಳಿದ. ತಾತ ಜೇಬಿನಿಂದ ತಮ್ಮ ಬಿಪಿ ಮಾತ್ರೆ ತೆಗೆದು ಹಿಂದೆ ಮುಂದೆ ತಿರುಗಿಸಿ, ಇಷ್ಟು ದಿನ ಸೋಪು ನುಂಗುತ್ತಿದ್ದೆನೇ ಎಂದು ನಕ್ಕುಬಿಟ್ಟರು.

ಅಪ್ಪನ ಪಾಳಿ ಮುಗಿಯುವವರೆಗೂ ಕಾದಿದ್ದು ಅವನ ಜೊತೆಗೇ ಮನೆಗೆ ಬಂದರು. ಅಮ್ಮ ಬಾಗಿಲು ತೆರೆದಳು.

"ನಿನ್ನ ಗಂಡ ಸುಳ್ಳು ಹೇಳಿಲ್ಲ ಕಣಮ್ಮ. ಸೋಪಂದ್ರೆ ಒಗೆಯೋದಕ್ಕೆ ಮಾತ್ರ ಅಂತ ನಾನೇ ತಿಳ್ಕೊಂಡಿದ್ದೆ" ಎಂದರು ತಾತ. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಲಗುಬಗೆಯಿಂದ ತಟ್ಟೆ ಇಟ್ಟಳು.

ಅಲ್ಲಿಗೆ ಅಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರ. ಅವನಿಗೆ ಆ ಜಾಣತನ ಎಂದೂ ಇರಲಿಲ್ಲ, ಅದಕ್ಕೇ ನನಗೆ ಅವನೆಂದರೆ ಇಷ್ಟ. ತಟ್ಟೆಗೆ ಕೈಯಿಡದೆ ತಲೆ ತಗ್ಗಿಸಿ ಹೇಳಿದ: "ನೀವು ಲಾಂಡ್ರಿಯವರು ಅಂತ ಗೊತ್ತಿತ್ತು ಮಾವ. ಒಗೆಯೋ ಸೋಪಲ್ಲ ಅಂದ್ರೆ ಹೆಣ್ಣು ಕೊಡಲ್ವೇನೋ ಅಂತ ಹೆದರಿ ಬಾಯಿ ಬಿಡಲಿಲ್ಲ."

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಕೊಡ್ತಿರಲಿಲ್ಲ" ಎಂದರು ತಾತ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಮೊದಲು ಅವನಿಗೆ ಬಡಿಸು ಎಂದು ಮಗಳಿಗೆ ಹೇಳಿದರು.