ಸೊನ್ನೆ ಬಿಟ್ಟ ಮಂತ್ರ

ನಾನು ಸಾಲಿ ಬಿಟ್ಟದ್ದು 1988ರಲ್ಲಿ, ಏಳನೇ ತರಗತಿಯ ಪರೀಕ್ಷೆಗೆ ಇನ್ನೂ ಮೂರು ತಿಂಗಳು ಇರುವಾಗ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಂದಿನಿಂದ ದುಡಿದು ತಿಂದಿದ್ದೇನೆ, ಯಾರ ಮುಂದೆಯೂ ಕೈ ಚಾಚಿಲ್ಲ.

ಹೋದ ತಿಂಗಳು ಮುಧೋಳದಿಂದ ಬನಹಟ್ಟಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮಹಾಲಿಂಗಪುರದಲ್ಲಿ ಒಬ್ಬರು ಹತ್ತಿ ನನ್ನ ಪಕ್ಕ ಕುಳಿತರು. ಕುಳಿತದ್ದೇ ತಡ, ಒಂದು ವಾಸನೆ ಬಂತು… ಹೈಡ್ರೋಸಿನದು. ನೂಲಿಗೆ ಬಣ್ಣ ಹಾಕುವವರು ಹಂಡೆಗೆ ಸುರಿಯುವ ಬಿಳಿ ಪುಡಿ ಅದು. ಮೂಗಿಗೆ ಚುಚ್ಚುತ್ತದೆ, ಎಷ್ಟು ತೊಳೆದರೂ ಅಂಗಿ ಬಿಟ್ಟು ಹೋಗುವುದಿಲ್ಲ. ಆ ಮನುಷ್ಯನ ಉಗುರು ನೋಡಿದೆ. ನೀಲಿ. ಇಪ್ಪತ್ತು ವರ್ಷದ ಹಿಂದೆ ನನ್ನ ಉಗುರೂ ಹಾಗೇ ಇದ್ದವು.

ಆಗ ನಾನು ರಬಕವಿಯ ಒಂದು ಬಣ್ಣದ ಮನೆಯಲ್ಲಿ ಕೆಲಸಕ್ಕಿದ್ದೆ. ಮಾಲಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಯಾವ ಬಣ್ಣಕ್ಕೆ ಎಷ್ಟು ಪುಡಿ ಎಂಬುದನ್ನು ನೂಲಿನ ತುಂಡಿಗೆ ಗಂಟು ಹಾಕಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಮೂರು ಗಂಟು ಅಂದರೆ ಮೂರು ಚಮಚ. ಹಂಡೆಯಿಂದ ತೆಗೆದಾಗ ನೂಲಿನ ಲಡಿ ಹಳದಿ-ಹಸಿರು ಇರುತ್ತಿತ್ತು; ಗಾಳಿಗೆ ಹಿಡಿದರೆ ಕಣ್ಣೆದುರಿಗೇ ನೀಲಿಗೆ ತಿರುಗುತ್ತಿತ್ತು. ಮೊದಲ ದಿನ ಅದನ್ನು ನೋಡಿ ನಾನು, “ಜಾದೂ ಆತಲ್ರಿ ಕಾಕಾ!” ಅಂದೆ.

“ಜಾದೂನ ಅದು. ಆದ್ರ ಹೆಂಗ ಆತು ಅಂತ ಕೇಳಾವ ಬೇಕು,” ಅಂದರು. ಅಂದೇ ಕಥೆ ಶುರುವಾಯಿತು.

ಕಥೆಯಲ್ಲಿ ಒಬ್ಬ ಮಾಂತ್ರಿಕ, ಅವನ ಮನೆಯ ಕಸ ಹೊಡೆಯುವ ಒಬ್ಬ ಆಳು. ಮಾಂತ್ರಿಕ ಏಳು ಮಾತಿನ ಮಂತ್ರ ಹೇಳಿದರೆ ದೀಪ ತಾನೇ ಹತ್ತುತ್ತಿತ್ತು. ಆಳು ಅದನ್ನು ಕದ್ದು ಕೇಳಿದ. ಬೇರೆಯವರ ಕಥೆಯಾಗಿದ್ದರೆ ಅಲ್ಲಿಂದ ಅವನು ರಾಜನಾಗಲು ಹೊರಡುತ್ತಿದ್ದ. ಕಾಕಾರ ಆಳು ಒಂದು ದಿನ ಮೊದಲ ಮಾತು ಬಿಟ್ಟು ನೋಡಿದ, ಮರುದಿನ ಎರಡನೆಯದು. ಯಾವುದನ್ನು ಬಿಟ್ಟರೆ ದೀಪ ಹತ್ತುವುದಿಲ್ಲವೋ ಶಕ್ತಿ ಅದರಲ್ಲಿದೆ ಅಂತ ಅವನ ಲೆಕ್ಕ. ಕಥೆ ಇಲ್ಲಿಗೆ ಬಂತೆಂದರೆ ಕಾಕಾ ಹಂಡೆ ತಿರುವುವ ಕೋಲು ನಿಲ್ಲಿಸಿ, “ಹೇಳಪಾ, ಈಗ ಅಂವ ಏನ ಬದಲ ಮಾಡಬೇಕು?” ಅಂತ ಕೇಳುತ್ತಿದ್ದರು. ನಾನು ಹೇಳಿದ್ದನ್ನೇ ಮರುದಿನ ಆಳು ಮಾಡುತ್ತಿದ್ದ.

ಒಮ್ಮೆ ಅವಸರ ಮಾಡಿ, ಮಂತ್ರದ ಮಾತೂ ಬದಲಿಸಲಿ, ದೀಪದ ಎಣ್ಣೆಯೂ ಬದಲಿಸಲಿ ಅಂದೆ. ಮರುದಿನದ ಕಥೆಯಲ್ಲಿ ದೀಪ ಭುಗ್ಗೆಂದು ಆಳಿನ ಹುಬ್ಬು ಸುಟ್ಟಿತು.

“ಎರಡೂ ಕೂಡೇ ಬದಲ ಮಾಡಿದ್ರ ಯಾವದರಿಂದ ಆತು ಅಂತ ಅಂವಗ ಹೆಂಗ ತಿಳೀಬೇಕಲೇ? ನಿನ್ನ ಅವಸರಕ್ಕ ಬಡವನ ಹುಬ್ಬ ಹೋದೂವು!”

ಹುಬ್ಬು ಬೆಳೆಯುವ ತನಕ, ಎಂಟು ದಿನ, ಕಥೆ ಮುಂದೆ ಹೋಗಲಿಲ್ಲ. ಬೇರೆ ಕಥೆಗಳೂ ಇದ್ದವು. ಹಾರುವ ಚಾಪೆಯ ಮೇಲೆ ತಾನು ಕೂಡುವ ಮೊದಲು ಒಂದೊಂದೇ ಇಟ್ಟಿಗೆ ಇಟ್ಟು ನೋಡುವವನು… ಮಾಯದ ಅಂಜನವನ್ನು ಮೊದಲು ಕಿರುಬೆರಳಿಗೆ ಮಾತ್ರ ಹಚ್ಚಿಕೊಳ್ಳುವವಳು… ಬಣ್ಣದ ಕೆಲಸವನ್ನೂ ನಾನು ಹೀಗೇ ಕಲಿತೆ.

ಒಂದು ದಿನ ಕಾಕಾ ಉದ್ದನೆಯ ನೋಟಬುಕ್ಕು ತಂದರು. “ನಾ ಹ್ವಾದ ಮ್ಯಾಲ ನನ್ನ ಗಂಟು ಯಾರೂ ಓದಂಗಿಲ್ಲ. ಬಣ್ಣ ಹೋದ್ರ ಹೋಗ್ಲಿ, ಕಥಿಯರ ನೀ ಬರದಿಡು,” ಅಂದರು. ಸಾಲಿ ಬಿಟ್ಟ ಮೇಲೆ ಪೆನ್ನು ಹಿಡಿಯದ ಕೈ ನನ್ನದು. ಆಗುವುದಿಲ್ಲ ಅನ್ನಲು ನಾಲಿಗೆ ಬರಲಿಲ್ಲ. ನಾಲ್ಕು ದಿನ ಕುಳಿತು ಎರಡು ಪುಟ ಬರೆದೆ.

ನೂಲಿನ ಅಂಗಡಿಯ ಗುಮಾಸ್ತ ಲಡಿ ಒಯ್ಯಲು ಬಂದಿದ್ದ. ಕಾಕಾ ಹೆಮ್ಮೆಯಿಂದ ನೋಟಬುಕ್ಕು ಅವನ ಕೈಗಿಟ್ಟು, ಓದಿ ಹೇಳು ಅಂದರು. ಅವನು ಮೊದಲ ಸಾಲಿಗೇ ಬಿದ್ದು ಬಿದ್ದು ನಕ್ಕ.

“ಮಂತ್ರ ಅನ್ನೂದಕ್ಕ ‘ಮತ್ರ’ ಅಂತ ಬರದಾನಲ್ರಿ ಕಾಕಾ! ಸೊನ್ನೀನ ಇಲ್ಲ! ಇಂಥಾ ಮತ್ರಕ್ಕ ದೀಪ ಅಲ್ಲ, ಬೀಡೀನೂ ಹತ್ತಂಗಿಲ್ಲ!”

ಹಂಡೆಯ ಸುತ್ತ ಇದ್ದವರೆಲ್ಲ ನಕ್ಕರು. ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿ, “ಹೌದೇನೋ? ಸೊನ್ನಿ ಬಿಟ್ರ ಏನಾಗತೈತಿ?” ಅಂತ ಕೇಳಿದರು.

ಅದು ನನಗೆ ಕುಹಕದ ಮಾತಾಗಿ ಕೇಳಿತು. ನೋಟಬುಕ್ಕು ಕಸಿದು ಉರಿಯುವ ಒಲೆಗೆ ಹಾಕಿದೆ. ಕೈ ಕೂಡ ತೊಳೆಯದೆ ಹೊರಬಿದ್ದೆ.

ಬನಹಟ್ಟಿಯಲ್ಲಿ ಪವರಲೂಮ್ ಕೆಲಸ ಹಿಡಿದೆ, ಮುಂದೆ ಸ್ವಂತ ಮಗ್ಗ ಹಾಕಿದೆ. ಅಲ್ಲಿಂದ ರಬಕವಿ ಎಷ್ಟು ದೂರ? ಸೈಕಲ್ ಮೇಲೆ ಹೊರಟರೆ ಬೆವರು ಒಡೆಯುವುದರೊಳಗೆ ಮುಟ್ಟಬಹುದು. ಹೋಗಲಿಲ್ಲ. ಕಾಕಾ ಎರಡು ಸಲ ಹೇಳಿ ಕಳಿಸಿದರು. ಮಗ್ಗ ಬಿಟ್ಟು ಬರಲಾಗದು ಅಂತ ನಾನೂ ಹೇಳಿ ಕಳಿಸಿದೆ. ಮಗ್ಗದ ಸದ್ದಿನಲ್ಲಿ ಯಾರೂ ಕಥೆ ಹೇಳುವುದಿಲ್ಲ, ಹೇಳಿದರೂ ಕೇಳಿಸುವುದಿಲ್ಲ. ಆಗ ಅದೇ ಛಲೋ ಅನಿಸಿತ್ತು…

ಬಸ್ಸಿನಲ್ಲಿ ಪಕ್ಕದವರನ್ನು ಮಾತಾಡಿಸಿದೆ. ನಾನು ಬಿಟ್ಟ ಮೇಲೆ ನನ್ನ ಜಾಗಕ್ಕೇ ಸೇರಿದವರು ಅವರು.

“ಕಾಕಾ ಆರಾಮ ಅದಾರ್ರಿ?”

“ಎಲ್ಲಿ ಕಾಕಾರೀ… ಹ್ವಾದ ದೀಪಾವಳಿ ಮುಂದ ತೀರಿಕೊಂಡ್ರು.”

ಅವರೇ ಮುಂದುವರಿಸಿದರು. “ಕಥಿ ಭಾಳ ಹೇಳ್ತಿದ್ರು. ಒಂದ ಕಥಿ ಮಾತ್ರ ಅರ್ಧಕ್ಕ ನಿಂತಿತ್ತು ನೋಡ್ರಿ. ಅದರಾಗಿನ ಆಳು ಮಂತ್ರದಾಗಿನ ಸೊನ್ನಿ ಬಿಟ್ಟು ಹೇಳ್ಯಾನ. ದೀಪ ಹತ್ತಿತೋ ಇಲ್ಲೋ? ಎಷ್ಟ ಕೇಳಿದ್ರೂ ಹೇಳಲಿಲ್ಲ. ‘ಅದನ್ನ ಹೇಳಾವ ಬ್ಯಾರೆ ಅದಾನ, ಸಿಟ್ಟ ಮಾಡಿಕೊಂಡ ಹೋಗ್ಯಾನ, ಬರ್ಲಿ’ ಅಂತಿದ್ರು.”

ಒಂದು ಅಕ್ಷರವೂ ತಿಳಿಯದ ಮನುಷ್ಯ. ಸೊನ್ನೆ ಬಿಟ್ಟರೆ ಏನಾಗುತ್ತದೆ ಅಂತ ಅವರಿಗೆ ಖರೇನೇ ಗೊತ್ತಿರಲಿಲ್ಲ. ದಿನಾ ಕೇಳುತ್ತಿದ್ದ ಹಾಗೆಯೇ ಅಂದೂ ನನ್ನನ್ನು ಕೇಳಿದ್ದರು.

ಬಸ್ಸು ಇಳಿದು ಮನೆಗೆ ಬಂದೆ. ಹೆಂಡತಿ ತೀರಿ ಐದು ವರ್ಷವಾಯಿತು, ಬಾಗಿಲ ಕೀಲಿ ನಾನೇ ತೆಗೆಯಬೇಕು. ಕಥೆಯ ದೀಪ ಹತ್ತಿತು ಅಂತ ಒಂದು ಸಲ ಅಂದುಕೊಂಡೆ, ಹತ್ತಲಿಲ್ಲ ಅಂತ ಒಂದು ಸಲ. ಯಾವುದನ್ನು ಹೇಳಿದರೂ ಮರುದಿನ ಅಲ್ಲಿಂದ ಮುಂದೆ ಒಯ್ಯುವವರಿಲ್ಲ…

ಈಗ ನನಗೆ ನಾಲ್ಕು ಮಗ್ಗ ಇವೆ. ಎರಡು ಕೋಣೆಯ ಸ್ವಂತ ಮನೆ ಇದೆ. ಒಬ್ಬಳು ಮಗಳು, ಬೀಳಗಿಗೆ ಕೊಟ್ಟಿದ್ದೇನೆ. ಕಾಕಾರ ಕಥೆಗಳಲ್ಲಿ ನೆನಪಿರುವವು ಒಂಬತ್ತು. ಕಡೆತನಕ ನೆನಪಿರುವವು ಮೂರು.