ಅಂಗಡಿ ತುಂಬ ನಗಿಸಿದ ಮೆಸೇಜು

ಆ ಕ್ಷೌರದಂಗಡಿಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ‘ಒತ್ತಬೇಡಿ ಅಣ್ಣ’ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ಕುರ್ಚಿಯಲ್ಲಿ ಕೂತ ಗಿರಾಕಿ ಫೋನು ಹೊರಗೆ ತೆಗೆದರೆ ಸಾಕು, ಇವನು ಕನ್ನಡಿಯಲ್ಲೇ ಅದನ್ನು ಕಂಡು, ಕತ್ತರಿ ಮೇಲೆತ್ತಿ, "ಏನ್ರೀ ಅದು? ನೀಲಿ ಅಕ್ಷರ ಇದೆಯಾ? ಒತ್ತಬೇಡಿ!" ಎಂದು ಕೂಗುತ್ತಿದ್ದ. ಗಿರಾಕಿ ಬೆಚ್ಚಿಬಿದ್ದು ಕಿವಿ ಕತ್ತರಿಸಿಹೋಗದಿದ್ದದ್ದೇ ಪುಣ್ಯ.

ಪಾಪ, ಅವನೂ ಪೆಟ್ಟು ತಿಂದವನೇ. ಹಿಂದೊಮ್ಮೆ ‘ನಿಮ್ಮ ಪಾರ್ಸೆಲ್ ವಾಪಸ್ಸಾಗಿದೆ, ಇಲ್ಲಿ ಒತ್ತಿ’ ಎಂಬ ಮೆಸೇಜು ಬಂತು. ಜನ್ಮದಲ್ಲಿ ಒಂದು ಪಾರ್ಸೆಲ್ ತರಿಸಿದವನಲ್ಲ, ಆದರೂ ಒತ್ತಿಯೇಬಿಟ್ಟ. ಫೋನಿನೊಳಗೆ ಅದ್ಯಾವ ದೆವ್ವ ಹೊಕ್ಕಿತೋ, ಅದರಲ್ಲಿದ್ದ ಅಷ್ಟೂ ಜನಕ್ಕೆ ಇವನ ಹೆಸರಿನಲ್ಲೇ ಅದೇ ಮೆಸೇಜು ಹೋಯಿತು. "ನಿನ್ನನ್ನ ನಂಬಿ ಒತ್ತಿದ್ವಲ್ಲೋ ಮಾರಾಯ" ಎಂದು ಜನ ಅಂಗಡಿಗೇ ಬಂದು ಮಂಗಳಾರತಿ ಮಾಡಿದರು. ಆಮೇಲೆ ಕೆಲವು ದಿನ ಅವನಿಗೆ ತಲೆ ಎತ್ತಿ ಓಡಾಡಲು ಆಗಲಿಲ್ಲ.

ಅಂದಿನಿಂದ ಶುರುವಾಯಿತು ಉಪದೇಶ. "ಗೊತ್ತಿಲ್ಲದ ನಂಬರು, ತಪ್ಪು ತಪ್ಪು ಅಕ್ಷರ, ‘ಬೇಗ ಬೇಗ’ ಅನ್ನೋ ಅವಸರ, ಕೊನೇಲೊಂದು ನೀಲಿ ಗೆರೆ. ಇಷ್ಟು ಕಂಡ್ರೆ ಯೋಚನೆ ಮಾಡ್ಬೇಡಿ, ಅಳಿಸಿ ಹಾಕಿ." ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಷ್ಟೋ ಜನ ಅವನಿಂದಲೇ ಬಚಾವಾದರು. ಆದರೆ ಜನ ಹೊಗಳಿದಷ್ಟೂ ಅವನಿಗೆ ಜಂಬ ಏರಿತು. ಮೆಸೇಜಿನ ಮೊದಲ ಸಾಲು ನೋಡಿಯೇ ಕಳ್ಳನನ್ನು ಹಿಡಿಯುತ್ತೇನೆ ಎನ್ನತೊಡಗಿದ.

ಅವನಿಗೊಬ್ಬಳು ಅಕ್ಕ ಇದ್ದಳು. ತಾಯಿ ಹೋದ ಮೇಲೆ ಸಾಕಿ, ಬೈದು, ಕೆಲಸಕ್ಕೆ ಹಚ್ಚಿ ಮನುಷ್ಯನನ್ನಾಗಿ ಮಾಡಿದ್ದೇ ಅವಳು. ಅಂಥ ಅಕ್ಕ ತನ್ನ ಮಗಳ ಮದುವೆಗೆ ಇವನನ್ನು ಮೆಸೇಜಿನಲ್ಲಿ ಕರೆದಳು. ಕೆಲಸದ ಗಡಿಬಿಡಿ, ಕೈಕಾಲು ಸಾಲದು, ತಮ್ಮನಲ್ಲವೇ, ಏನೂ ಅಂದುಕೊಳ್ಳಲಾರ ಎಂದು ಅವಳ ಲೆಕ್ಕ. ಇವನಿಗೆ ಮೂಗಿನ ತುದಿಯಲ್ಲೇ ಕೋಪ. "ಮನೆಗೆ ಬಂದು ಕರೆಯೋ ಯೋಗ್ಯತೆ ಇಲ್ವಾ ನಂಗೆ?" ಎಂದು ಹೋಗಲೇ ಇಲ್ಲ. ಅಕ್ಕನೂ ಬಿಗಿದುಕೊಂಡಳು. ವರ್ಷಗಳೇ ಉರುಳಿದವು.

ಒಂದು ಬೆಳಿಗ್ಗೆ, ಬೆಂಚಿನ ತುಂಬ ಜನ, ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಪೇಂಟರು. ಇವನ ಫೋನು ಟಿಣ್ ಎಂದಿತು. ನೋಡಿದವನೇ ಮುಖ ಅರಳಿಸಿ, "ಬನ್ರಪ್ಪ, ಪಾಠಕ್ಕೆ ಸರಿಯಾದ್ದೇ ಬಂದಿದೆ" ಎಂದು ಗಟ್ಟಿಯಾಗಿ ಓದಿದ:

"ಲೋ ಬಾ ಚಳಿಗೆ ನಾನು ಕಣೋ ಅಕ್ಕ ನನ್ನ ಫೋನು ಒಡೆದೋಗಿದೆ ಇದು ಬೇರೆಯವರದು ಆಸ್ಪತ್ರೇಲಿದ್ದೀನಿ ಬೇಗ ಬಾ."

ಕೆಳಗೆ ನೀಲಿ ಗೆರೆ.

"ಚಳಿಗೆ ಬಾ ಅಂತೆ! ಕಂಬಳಿ ತರ್ಲಾ ಅಂತ ಕೇಳ್ಲಾ?" ಎಂದ. ಅಂಗಡಿ ಬಿದ್ದು ಬಿದ್ದು ನಕ್ಕಿತು. ಪೇಂಟರು ಮಾತ್ರ ನೊರೆಮುಖ ತಿರುಗಿಸಿ, "ಒತ್ತೋದು ಬೇಡ ಅಣ್ಣ, ಸರಿ. ಆದ್ರೆ ಮನೆಯವ್ರಿಗೆ ಯಾರಿಗಾದ್ರೂ ಫೋನ್ ಮಾಡಿ ಕೇಳ್ಬಹುದಲ್ವಾ? ನಿಂಗೂ ಅಕ್ಕ ಇದ್ದಾರಲ್ಲ" ಎಂದ.

ಎದೆ ಚುರುಕ್ ಎಂದದ್ದು ನಿಜ. ಅಕ್ಕನ ಮಗಳ ನಂಬರು ಅದೇ ಫೋನಿನಲ್ಲಿತ್ತು. ಕೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಇಷ್ಟು ಜನರ ಮುಂದೆ ನಗೆ ಎಬ್ಬಿಸಿ ಈಗ ಹಿಂದೆ ಸರಿಯುವುದೇ? "ನಮ್ಮಕ್ಕ ನನ್ನನ್ನ ಕರೆಯೋದಾ? ಕನಸಲ್ಲೂ ಇಲ್ಲ" ಎಂದು ಮೆಸೇಜು ಅಳಿಸಿ, ಆ ನಂಬರನ್ನೇ ಬ್ಲಾಕ್ ಮಾಡಿ, ಮತ್ತೆ ಗಡ್ಡಕ್ಕೆ ಕೈ ಹಾಕಿದ.

ವಾರ ತುಂಬುವುದರೊಳಗೆ ಅಕ್ಕನ ಮಗಳೇ ಫೋನು ಮಾಡಿದಳು. "ಮಾಮ, ಅಮ್ಮಂಗೆ ನಿನ್ನೆಯಿಂದ ಮಾತು ನಿಂತುಹೋಗಿದೆ. ಈಗ್ಲಾದ್ರೂ ಬರ್ತೀರಾ?"

ಅಂಗಡಿ ತೆರೆದಿಟ್ಟೇ ಓಡಿದ. ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಕಿಟಕಿ ಪಕ್ಕದ ಹಾಸಿಗೆ. ಅಕ್ಕನ ಬಾಯಿ ಒಂದು ಕಡೆಗೆ ವಾಲಿತ್ತು. ಕಣ್ಣು ಮಾತ್ರ ಹಳೆಯ ಕಣ್ಣೇ, ಇವನನ್ನು ಕಂಡದ್ದೇ ತುಂಬಿಕೊಂಡಿತು.

ಮಗಳು ಹೇಳಿದಳು: "ಮೊದಲ ದಿನ ಚೆನ್ನಾಗೇ ಮಾತಾಡ್ತಿದ್ರು. ಬಿದ್ದಾಗ ಫೋನು ಒಡೆದಿತ್ತು, ಕೈ ಬೇರೆ ನಡುಗ್ತಿತ್ತು. ಪಕ್ಕದ ಹಾಸಿಗೆಯವ್ರ ಫೋನಲ್ಲಿ ಬಾಯಲ್ಲೇ ಹೇಳಿದ್ರು, ಅದೇ ಬರ್ಕೊಳ್ತಂತೆ. ದಾರಿ ಗೊತ್ತಾಗ್ಲಿ ಅಂತ ಅವ್ರೇ ಕೆಳಗೆ ಮ್ಯಾಪಿನ ಲಿಂಕೂ ಹಾಕಿದ್ರು. ನಾನೇ ಫೋನ್ ಮಾಡ್ತೀನಿ ಅಂದ್ರೆ ಅಮ್ಮ ಬಿಡ್ಲಿಲ್ಲ. ‘ಬಾಚಣಿಗೆ ಅಂತ ಕರ್ದಿದ್ದೀನಿ, ನಾನೇ ಅಂತ ಗೊತ್ತಾಗತ್ತೆ, ಓಡಿ ಬರ್ತಾನೆ’ ಅಂದ್ರು."

ಬಾಚಣಿಗೆ. ಚಿಕ್ಕಂದಿನಲ್ಲಿ ಕೆದರಿದ ತಲೆಯಲ್ಲಿ ಸದಾ ಬಾಚಣಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದವನಿಗೆ ಅಕ್ಕ ಇಟ್ಟ ಹೆಸರು. ಅವಳ ಹೊರತು ಜಗತ್ತಿನಲ್ಲಿ ಇನ್ಯಾರೂ ಅವನನ್ನು ಹಾಗೆ ಕರೆದವರಿಲ್ಲ. ಫೋನಿಗೆ ಆ ಮಾತು ‘ಬಾ ಚಳಿಗೆ’ ಎಂದು ಕೇಳಿಸಿತ್ತು. ಫೋನಿಗೇನು ಗೊತ್ತು? ಇವನಿಗೆ ಗೊತ್ತಾಗಬೇಕಿತ್ತು. ಅಯ್ಯೋ, ಅದನ್ನೇ ಎತ್ತಿ ಆಡಿ ಅಂಗಡಿ ತುಂಬ ನಗಿಸಿದ್ದ.

"ನನ್ನ ಹತ್ರ ಏನು ಹೇಳ್ಬೇಕಂತಿದ್ಲಮ್ಮ?"

"ಗೊತ್ತಿಲ್ಲ ಮಾಮ. ಅವನಿಗೇ ಹೇಳ್ತೀನಿ ಅಂತಿದ್ರು."

ಅವನು ಹಾಸಿಗೆಯ ಅಂಚಿನಲ್ಲಿ ಕೂತ. ಎಲ್ಲವನ್ನೂ ಹೇಳಿ ಕಾಲು ಹಿಡಿದುಬಿಡಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಮಗಳೇ ಮತ್ತೆ ಅಂದಳು: "ನಾವೆಲ್ಲ ನಿಮ್ಮನ್ನ ಬೈದ್ವಿ, ಸುಳ್ಳು ಹೇಳಲ್ಲ. ಅಮ್ಮ ಮಾತ್ರ ಒಂದ್ಸಲಾನೂ ಬೈಲಿಲ್ಲ. ‘ಅವನ ಫೋನು ಕೆಟ್ಟಿರ್ಬೇಕು ಕಣೇ, ಇಲ್ಲಾಂದ್ರೆ ಬರದೇ ಇರೋನಲ್ಲ’ ಅಂತಾನೇ ಇದ್ರು. ಕೆಟ್ಟಿತ್ತಾ ಮಾಮ?"

ಅಕ್ಕನ ಕಣ್ಣು ಅವನ ಮುಖದ ಮೇಲೇ ಇತ್ತು. ಅವಳಿಗೆ ಎಲ್ಲ ಕೇಳಿಸುತ್ತಿತ್ತು.

"ಹೌದಕ್ಕಾ" ಎಂದ ಅವನು. "ಕೆಟ್ಟು ಕೂತಿತ್ತು, ಹಾಳಾದ್ದು."

ಅಕ್ಕ ಸಮಾಧಾನದಿಂದ ಕಣ್ಣು ಮುಚ್ಚಿ, ಆಡುತ್ತಿದ್ದ ಒಂದೇ ಕೈಯಿಂದ ಅವನ ಕೈಯನ್ನು ಮೆಲ್ಲಗೆ ತಟ್ಟಿದಳು. ತಪ್ಪಾಯಿತು ಎನ್ನುವ ಮಾತನ್ನು ಇನ್ನು ಅವಳ ಮುಂದೆ ಎಂದೂ ಆಡುವ ಹಾಗಿರಲಿಲ್ಲ.